ಬನ್ನಿ, ಸುಬ್ಬಮ್ಮನವರೇ

೯ ಜುಲೈ ೧೯೫೧, ಸೋಮವಾರ

ಗಾಂಧಿಬಜಾರಿನ ಹೋಟೆಲಿನಲ್ಲಿ ಇಂದೂ ಆರಿದ ಕಾಫಿ ತಂದಿಟ್ಟ. ಕರೆದು ಹೇಳೋಣವೆಂದು ಎರಡು ಸಲ ಕೈ ಎತ್ತಿದೆ. ಎರಡನೆಯ ಸಲ ಮಾಣಿ ತಿರುಗಿ ನೋಡಿಯೂಬಿಟ್ಟ. ಎತ್ತಿದ ಕೈಯಿಂದ ತಲೆ ಕೆರೆದುಕೊಂಡು, ಕಾಫಿಯನ್ನು ಹಾಗೆಯೇ ಕುಡಿದು ಎದ್ದುಬಂದೆ.

ಇಂದಿನಿಂದ ಮೇಷ್ಟರ ಕೆಲಸ. ವಿಶ್ವ ತರುಣ ವಿದ್ಯಾಸಂಘ ಎಂಬುದರ ಮುಖ್ಯ ಕಚೇರಿ ಲಂಡನ್ನಿನಲ್ಲಿದೆಯಂತೆ, ಎಷ್ಟೋ ದೇಶಗಳಲ್ಲಿ ಶಾಖೆಗಳಿವೆಯಂತೆ. ನಮ್ಮೂರಿನ ಶಾಖೆ ಶಂಕರಪುರದಲ್ಲಿ, ಕಾರ್ಯದರ್ಶಿ ದೊರೆಸ್ವಾಮಿಯವರ ಮನೆಯ ಹಿಂದಿನ ಹಜಾರದಲ್ಲಿ. ಹಗಲು ದುಡಿಯುವ ಹುಡುಗ ಹುಡುಗಿಯರಿಗೆ ಸಂಜೆ ಕನ್ನಡ, ಲೆಕ್ಕ, ಇಂಗ್ಲಿಷು ಕಲಿಸುವುದು. ವರ್ಷಕ್ಕೊಬ್ಬರನ್ನು ಸಂಘದ ಖರ್ಚಿನಲ್ಲಿ ಹೊರದೇಶಕ್ಕೆ ಕಸುಬು ಕಲಿಯಲು ಕಳಿಸುವುದು. ಕನ್ನಡ ಆನರ್ಸ್ ಮುಗಿಸಿ ಅಣ್ಣನ ಮನೆಯಲ್ಲಿ ಕುಳಿತಿದ್ದ ನನಗೆ ದೊರೆಸ್ವಾಮಿಯವರು ದೊಡ್ಡ ಮನಸ್ಸು ಮಾಡಿದ್ದಾರೆ. ಇಲ್ಲಿ ಒಂದು ವರ್ಷ ಸರಿಯಾಗಿ ನಡೆದುಕೊಂಡರೆ ಕಾಲೇಜಿನ ಅಧ್ಯಾಪಕನ ಕೆಲಸಕ್ಕೆ ಹೇಳುತ್ತಾರಂತೆ.

ಹಾಜರಿ ಕೂಗುವಾಗಲೇ ಎಡವಟ್ಟಾಯಿತು. ಹಾಜರಿಯಲ್ಲಿ ಮುನಿಯ, ಸುಬ್ಬಿ ಎಂದು ಹೆಸರುಗಳಿದ್ದವು. ಗುರುತಿಲ್ಲದ ಹುಡುಗಿಯನ್ನು ಮೊದಲ ದಿನವೇ ಸುಬ್ಬಿ ಎಂದು ಕೂಗುವುದು ಹೇಗೆ? ಬಾಯಿಂದ ಬಂದದ್ದು, “ಸುಬ್ಬಮ್ಮನವರು?”

ಯಾರೂ ಓಗೊಡಲಿಲ್ಲ. ಎರಡನೆಯ ಸಾಲಿನ ಹುಡುಗಿಯೊಬ್ಬಳು ತನ್ನ ಹಿಂದೆ ಯಾರಾದರೂ ದೊಡ್ಡವರು ಬಂದು ನಿಂತಿದ್ದಾರೋ ಎಂದು ತಿರುಗಿ ನೋಡಿದಳು.

“ಏ ಸುಬ್ಬಿ, ನೀನೇ ಕಣೇ!” ಎಂದ ಜಟಕಾ ಹೊಡೆಯುವ ಮುನಿಸ್ವಾಮಿ, ಹಾಜರಿಯ ‘ಮುನಿಯ’. ಎಲ್ಲರೂ ಗೊಳ್ಳೆಂದು ನಕ್ಕರು. ಹುಡುಗಿ ಮಾತ್ರ ನಗಲಿಲ್ಲ. “ಇದೀನಿ” ಎಂದಳು, ಬಹಳ ಮೆಲ್ಲಗೆ.

ಇದರಲ್ಲಿ ನನ್ನ ದೊಡ್ಡತನವೇನೂ ಇಲ್ಲ. ಹೊಸಬರನ್ನು ‘ನೀನು’ ಎನ್ನಲು ಒಂದು ಬಗೆಯ ಧೈರ್ಯ ಬೇಕು, ಅದು ನನಗಿಲ್ಲ. ಅತ್ತಿಗೆ ಹೇಳುವ ಹಾಗೆ, ದಾರಿಗೆ ಅಡ್ಡ ಮಲಗಿದ ಬೆಕ್ಕಿಗೂ ‘ಸ್ವಲ್ಪ ಸರೀರಿ’ ಎನ್ನುವ ಪೈಕಿ ನಾನು.

೨೦ ಜುಲೈ

ಸುಬ್ಬಮ್ಮ ಅಕ್ಕಿಪೇಟೆಯ ಮಂಡಿಯೊಂದರಲ್ಲಿ ತಾಯಿಯ ಜೊತೆ ಅಕ್ಕಿ ಕೇರುತ್ತಾಳೆ. ಮಂಡಿ ನಮ್ಮ ಸಂಘದ ಅಧ್ಯಕ್ಷರಾದ ಶಂಭುಲಿಂಗಪ್ಪನವರದೇ. ಸಂಜೆ ಬರುವಾಗ ಅವಳ ಹುಬ್ಬಿನ ಮೇಲೆ ಅಕ್ಕಿಯ ಹುಡಿ ಕುಳಿತಿರುತ್ತದೆ. ಹದಿನೆಂಟರ ಹುಡುಗಿ ಮುದುಕಿಯ ಹಾಗೆ ಕಾಣುತ್ತಾಳೆ. ಮುಖ ತೊಳೆದು ಬಂದು ಕುಳಿತರೆ ಬೇರೆಯವಳೇ.

ಈ ಸಲ ಹೊರದೇಶದ ಸೀಟು ಸಿಂಹಳದಲ್ಲಿ. ಸಂಘ ನಡೆಸುವ ಆಸ್ಪತ್ರೆಯಲ್ಲಿ ಎರಡು ವರ್ಷ ಔಷಧ ಕೂಡಿಸಿ ಕೊಡುವುದನ್ನು ಕಲಿಸುತ್ತಾರೆ. ಯಾರಿಗೆ ಆಸೆಯಿದೆ ಎಂದು ಕೇಳಿದೆ. ಸುಬ್ಬಮ್ಮ ಒಬ್ಬಳೇ ಕೈ ಎತ್ತಿದಳು.

“ಕಂಪೌಂಡರ್ ಆಗ್ಬೇಕು.”

“ಯಾಕೆ?”

“ನಮ್ಮಮ್ಮ ಕೆಮ್ಮಿಗೆ ಔಷಧಿ ತರೋಕೆ ಹೋದಾಗೆಲ್ಲ ಆ ಕಿಟಕಿ ಒಳಗಿಂದ ಕಂಪೌಂಡರು ‘ಏ ಮುದುಕಿ, ಸೀಸೆ ಎಲ್ಲೇ’ ಅಂತಾನೆ. ನಾನು ಆ ಕಿಟಕಿ ಒಳಗೆ ಕೂತ್ಕೊಂಡು ‘ಬನ್ನಿ ಅಮ್ಮ, ಸೀಸೆ ಕೊಡಿ’ ಅನ್ಬೇಕು.”

“ಅಷ್ಟಕ್ಕೆ ಸಮುದ್ರ ದಾಟ್ತೀಯೇನೇ?” ಎಂದ ಮುನಿಸ್ವಾಮಿ.

“ಇಲ್ಲಿದ್ದುಕೊಂಡೇ ಅನ್ನೋರು ಯಾರಾದ್ರೂ ಇದ್ರೆ ತೋರ್ಸು, ದಾಟಲ್ಲ.”

೩ ಆಗಸ್ಟ್

ಇಂಗ್ಲಿಷಿನ ಸರ್ವನಾಮಗಳು. ‘ಯು’ ಎಂದು ಬರೆದೆ.

“ಯು ಅಂದ್ರೆ ನೀನಾ, ನೀವಾ?” ಸುಬ್ಬಮ್ಮ ಕೇಳಿದಳು.

“ಎರಡೂ.”

“ದೊರೆಗೂ ಯು, ಕೂಲಿಯವನಿಗೂ ಯು?”

“ಹೌದು.”

“ಮತ್ತೆ ಅವರು ಬೈಯೋದು ಹೆಂಗೆ?” ಎಂದ ಮುನಿಸ್ವಾಮಿ. ಅವನು ದಂಡಿನ ಕಡೆಯ ಇಂಗ್ಲಿಷರ ಬಂಗಲೆಗಳಿಗೆ ಬಹಳ ಸಲ ಸವಾರಿ ಹೋಗಿದ್ದಾನೆ. ಉತ್ತರವನ್ನೂ ತಾನೇ ಹೇಳಿದ: “ಧ್ವನೀಲೇ ಬೈತಾರೆ. ಮಾತು ಒಂದೇ, ಮೂಗು ಮೇಲೆ.”

ಮನೆಗೆ ನಡೆದು ಬರುವಾಗ ಅದೇ ಯೋಚನೆ. ಇಂಗ್ಲಿಷಿನವನು ‘ಯು’ ಎಂಬುದರ ಮರೆಯಲ್ಲಿ ಅಡಗಿಕೊಳ್ಳಬಹುದು. ಕನ್ನಡದವನಿಗೆ ಆ ಮರೆ ಇಲ್ಲ. ಬಾಯಿ ತೆರೆದ ಕೂಡಲೇ ಎದುರಿನವರು ತನಗೆ ಏನಾಗಬೇಕೆಂದು ಹೇಳಿಬಿಟ್ಟಿರುತ್ತಾನೆ. ಇಷ್ಟು ವರ್ಷ ವ್ಯಾಕರಣ ಓದಿದವನಿಗೆ ಇದು ಹೊಳೆದಿರಲಿಲ್ಲ.

೨೨ ಆಗಸ್ಟ್

ಮುನಿಸ್ವಾಮಿಯ ಹೊಸ ದೂರು: “ಸಾರ್, ನೀವು ಹಾಜರಿ ಕೂಗೋದು ಹೊರಗೆ ಕಟ್ಟಿದ ನನ್ನ ಕುದುರೆಗೂ ಕೇಳ್ಸತ್ತೆ. ಈಗ ‘ಬನ್ನಿ’ ಅಂದ್ರೇನೇ ಹೆಜ್ಜೆ ಎತ್ತೋದು.”

ನಾನೂ ನಕ್ಕೆ.

೫ ಸೆಪ್ಟೆಂಬರ್, ಬುಧವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಪಾಠದ ನಡುವೆ ಶಂಭುಲಿಂಗಪ್ಪನವರು ಬಂದರು. ಒಳ್ಳೆಯ ಮನುಷ್ಯ, ಹಜಾರದ ಬೆಂಚು, ದೀಪ, ಹಲಗೆ ಎಲ್ಲ ಅವರು ಕೊಡಿಸಿದ್ದು. ಹಿಂದೆ ಅವರ ಮಂಡಿಯ ಗುಮಾಸ್ತ ರೇವಣಸಿದ್ದಯ್ಯ. ಮುಂದೆ ದೊರೆಸ್ವಾಮಿಯವರು, ಶಲ್ಯ ಸರಿಪಡಿಸಿಕೊಳ್ಳುತ್ತ.

“ಏನಯ್ಯಾ ಮೇಷ್ಟ್ರೇ, ಏನು ಹೇಳಿಕೊಡ್ತಾ ಇದೀಯ ಇಲ್ಲಿ?” ಎಂದರು ಶಂಭುಲಿಂಗಪ್ಪನವರು.

ನಾನು ಸುಣ್ಣದ ಕಡ್ಡಿ ಕೆಳಗಿಟ್ಟೆ. ಗುಮಾಸ್ತರೇ ಹೇಳಿದರು. ಬೆಳಿಗ್ಗೆ ತಾವು ಮಂಡಿಯಲ್ಲಿ ‘ಏ ಸುಬ್ಬಿ, ಬಾರೇ ಇಲ್ಲಿ’ ಎಂದು ಕೂಗಿದರಂತೆ. ಸುಬ್ಬಮ್ಮ ತಿರುಗಲಿಲ್ಲ. ಮತ್ತೆ ಕೂಗಿದರು. ಮೊರ ಕೆಳಗಿಟ್ಟು, ಅಷ್ಟೂ ಜನ ಹೆಂಗಸರ ಮುಂದೆ, “ನನ್ನ ಹೆಸರು ಸುಬ್ಬಮ್ಮ. ಬನ್ನಿ ಅನ್ನಿ, ಬರ್ತೀನಿ” ಎಂದಳಂತೆ. ಅವರು ಬೈದರು. ಅವಳು ಸಿಟ್ಟಿನಲ್ಲಿ, “ಮೀಸೆ ಬಂದ್ರೆ ಸಾಲದು, ಮಾತು ಬರ್ಬೇಕು” ಎಂದುಬಿಟ್ಟಳು.

ಅಷ್ಟಕ್ಕೆ ಅವಳನ್ನು ಮಂಡಿಯಿಂದ ಹೊರಗೆ ಹಾಕಿದ್ದಾರೆ.

“ಸ್ಕೂಲಿಗೆ ಹಾಕಿದ್ದು ಓದೋಕೆ,” ಎಂದರು ಶಂಭುಲಿಂಗಪ್ಪನವರು. “ಇವಳನ್ನ ನೀವು, ತಾವು ಅಂತ ತಲೆ ಮೇಲೆ ಕೂರಿಸ್ಕೊಂಡ್ರೆ, ನಾಳೆ ನನ್ನ ಮಂಡೀಲಿ ಅಕ್ಕಿ ಯಾರು ಕೇರ್ತಾರೆ? ನೀನಾ?”

ದೊರೆಸ್ವಾಮಿಯವರು ನನ್ನನ್ನು ಪಕ್ಕಕ್ಕೆ ಕರೆದರು. ದನಿ ಏರಿಸಲಿಲ್ಲ, ಅವರು ಎಂದೂ ಏರಿಸುವುದಿಲ್ಲ. “ಬದರಿ, ನಾಳೆಯಿಂದ ಏಕವಚನ. ಮೇಷ್ಟ್ರು ಶಿಷ್ಯರನ್ನ ಹಾಗೆ ಕರೆಯೋದೇ ಸಂಪ್ರದಾಯ. ಸಿಂಹಳದ ಸೀಟಿಗೆ ನಮಗೆ ವಿನಯ ಇರೋರು ಬೇಕು. ನಿನ್ನ ಕಾಲೇಜಿನ ವಿಷಯಾನೂ ಜ್ಞಾಪಕ ಇರಲಿ.”

“ಆಗಲಿ ಸಾರ್” ಎಂದೆ.

ನನ್ನ ಅಂಜಿಕೆಯಿಂದ ಆದ ತಪ್ಪಿಗೆ ಅವಳ ಕೆಲಸ ಹೋಯಿತು. ಇನ್ನು ಸೀಟೂ ಹೋಗುತ್ತದೆಯೇನೋ.

೬ ಸೆಪ್ಟೆಂಬರ್

ಅತ್ತಿಗೆ ಹುರುಳಿಕಾಯಿ ನಾರು ತೆಗೆಯುತ್ತಿದ್ದರು. ಎದುರಿಗೆ ಕುಳಿತು ಕೇಳಿದೆ: “ಅತ್ತಿಗೆ, ಬೇರೆಯವರನ್ನ ನೀನು ಅನ್ನೋದು ಹೇಗೆ?”

“ನಿನಗೇನಾದ್ರೂ ತಲೆ ಕೆಟ್ಟಿದೆಯೇನೋ ಬದ್ರಿ?”

“ನೋಡಿ, ಎಷ್ಟು ಸಲೀಸಾಗಿ ಅಂದ್ಬಿಟ್ರಿ.”

“ನಾನು ಈ ಮನೆಗೆ ಬಂದಾಗ ನೀನು ಇಷ್ಟುದ್ದ ಇದ್ದೆ. ಚಡ್ಡಿ ಕಟ್ಟಿದೀನಿ, ಮೂಗು ಒರೆಸಿದೀನಿ. ಮೂಗು ಒರೆಸಿದೋರು ನೀನು ಅನ್ನಬಹುದು ಕಣೋ. ಅದಕ್ಕೆಲ್ಲ ಅಭ್ಯಾಸ ಯಾಕೆ?”

ಆದರೂ ಅಭ್ಯಾಸ ಮಾಡಿದೆ. ಕನ್ನಡಿಯ ಮುಂದೆ: ಬಾ. ಕೂತ್ಕೋ. ಪುಸ್ತಕ ತೆಗಿ. ಕನ್ನಡಿಯಲ್ಲಿದ್ದವನು ನನಗಿಂತ ಹೆಚ್ಚು ನಾಚಿಕೊಂಡ.

೭ ಸೆಪ್ಟೆಂಬರ್

ಉಪಾಯ ಹೊಳೆಯಿತು. ನೀನೂ ಬೇಡ, ನೀವೂ ಬೇಡ. “ಪುಸ್ತಕ ತೆಗೆಯೋಣ.” “ಗಟ್ಟಿಯಾಗಿ ಓದೋಣ.” “ಮುನಿಸ್ವಾಮಿ ಕಡೆಯಿಂದ ಈ ಲೆಕ್ಕ ಮಾಡಿಸೋಣ.” ಹಾಜರಿಯನ್ನು ಬಾಯಲ್ಲಿ ಕೂಗದೆ, ತಲೆ ಎಣಿಸಿ ಗುರುತು ಹಾಕಿಕೊಂಡೆ. ಬಾಗಿಲ ಬಳಿ ಕುಳಿತಿದ್ದ ದೊರೆಸ್ವಾಮಿಯವರಿಗೆ ತಪ್ಪು ಹಿಡಿಯಲು ಏನೂ ಸಿಗಲಿಲ್ಲ. ಸಮಾಧಾನವಾಗಿ ಬಾಗಿಲು ಮುಚ್ಚುತ್ತಿದ್ದೆ.

ಹೊರಗೆ ಸುಬ್ಬಮ್ಮ ಮುನಿಸ್ವಾಮಿಗೆ ಹೇಳುತ್ತಿದ್ದಳು: “ಮೇಷ್ಟ್ರು ಇವತ್ತು ನಮ್ಮ ಜೊತೆ ಮಾತೇ ಆಡ್ಲಿಲ್ಲ, ಅಲ್ವಾ?”

೧೦ ಸೆಪ್ಟೆಂಬರ್

ಹಾಜರಿಯನ್ನು ಬಾಯಲ್ಲೇ ಕೂಗಿದೆ. ಮುನಿಸ್ವಾಮಿಯವರು. ಸುಬ್ಬಮ್ಮನವರು. ಬಾಗಿಲ ಬಳಿಯಿಂದ ಕೆಮ್ಮು ಕೇಳಿಸಿತು. ಮುಂದಿನ ಹೆಸರು ಕೂಗಿದೆ.

ಸುಬ್ಬಮ್ಮನವರು ಈಗ ಚಾಮರಾಜಪೇಟೆಯಲ್ಲಿ ಹಪ್ಪಳ ಮಾಡುವ ಮನೆಯೊಂದಕ್ಕೆ ಹೋಗುತ್ತಿದ್ದಾರೆ. ಕೈಗೆ ಇಂಗಿನ ವಾಸನೆ. ಅವರ ತಾಯಿಯನ್ನು ಮಂಡಿಯಲ್ಲಿ ಉಳಿಸಿಕೊಂಡಿದ್ದಾರೆ. ಗುಮಾಸ್ತರ ಹತ್ತಿರ ಕ್ಷಮೆ ಕೇಳಿದರೆ ಎಲ್ಲ ಸರಿಹೋಗುತ್ತದೆಂದು ತಾಯಿ ದಿನಾ ಹೇಳುತ್ತಾರಂತೆ.

“ಮೀಸೆ ಮಾತು ಎತ್ತಿದ್ದು ತಪ್ಪೇ ಮೇಷ್ಟ್ರೇ. ಅದಕ್ಕೆ ಕೇಳ್ತೀನಿ. ‘ಬನ್ನಿ ಅನ್ನಿ’ ಅಂದಿದ್ದಕ್ಕೆ ಕೇಳಲ್ಲ. ಎರಡನ್ನೂ ಒಂದೇ ಮೂಟೇಲಿ ಕಟ್ತಿದಾರೆ ಅವರು.”

ವಾಕ್ಯ ವಿಂಗಡಣೆ ಎಂದರೆ ಇದೇ. ನನಗೆ ಕಲಿಸುವುದಕ್ಕೆ ಇನ್ನೇನು ಉಳಿದಿದೆ, ಇಂಗ್ಲಿಷಿನ ಕಾಗುಣಿತ ಬಿಟ್ಟರೆ.

೩೦ ಅಕ್ಟೋಬರ್

ಲಂಡನ್ನಿನಿಂದ ಮಿಸ್ ಪೆಂಬರ್ಟನ್ ಎಂಬುವರು ಮುಂದಿನ ತಿಂಗಳು ಬರುತ್ತಾರೆ. ಅವರ ಎದುರಿನಲ್ಲೇ ಸೀಟಿನ ಸಂದರ್ಶನ. ಪರೀಕ್ಷೆಯಲ್ಲಿ ಸುಬ್ಬಮ್ಮನವರೇ ಮುಂದು. ಸಮಿತಿಯವರಿಗೂ ಅದು ಗೊತ್ತು.

ದೊರೆಸ್ವಾಮಿಯವರು: “ನಾನು ಸಮಿತೀಲಿ ಕೂತಿರ್ತೀನಿ, ತರ್ಜುಮೆ ನೀನು ಮಾಡು. ಮಡಿಸಿದ ಪಂಚೆ ಉಟ್ಕೊಂಡು ಬಾ. ಏಕವಚನ, ಮರೀಬೇಡ.”

ಅತ್ತಿಗೆ ಪಂಚೆಗೆ ಗಂಜಿ ಹಾಕಿಸಿದ್ದಾರೆ. ಅದು ನನಗಿಂತ ನೆಟ್ಟಗೆ ನಿಲ್ಲುತ್ತದೆ.

೧೮ ನವೆಂಬರ್, ಭಾನುವಾರ

ಸಂದರ್ಶನ ಮುಗಿಯಿತು. ಏನೇನೋ ಆಯಿತು.

ಹಜಾರದಲ್ಲಿ ಮೇಜು, ಹೂದಾನಿ. ನಡುವೆ ಮಿಸ್ ಪೆಂಬರ್ಟನ್, ನರೆಗೂದಲು, ಮಡಿಲಲ್ಲಿ ಛತ್ರಿ. ಬಲಕ್ಕೆ ಶಂಭುಲಿಂಗಪ್ಪನವರು, ಎಡಕ್ಕೆ ದೊರೆಸ್ವಾಮಿಯವರು. ಗೋಡೆಯ ಬದಿಗೆ ಗುಮಾಸ್ತ ರೇವಣಸಿದ್ದಯ್ಯನವರು, ಮೀಸೆಗೆ ಎಣ್ಣೆ ಸವರಿಕೊಂಡು. ನಾನು ಮೇಜಿನ ತುದಿಯಲ್ಲಿ ನಿಂತಿದ್ದೆ.

ಸುಬ್ಬಮ್ಮನವರು ಬಂದು ಕೈ ಮುಗಿದರು. ಮಿಸ್ ಪೆಂಬರ್ಟನ್ ಇಂಗ್ಲಿಷಿನಲ್ಲಿ ಕುಳಿತುಕೊಳ್ಳಲು ಹೇಳಿದರು. ಅವರು ಹೇಳಿದ್ದು ‘ಯು’. ಕನ್ನಡಕ್ಕೆ ತರುವಾಗ ಎರಡರಲ್ಲಿ ಒಂದನ್ನು ಆರಿಸಬೇಕಲ್ಲ.

“ದಯವಿಟ್ಟು ಕೂತ್ಕೊಳ್ಳಿ” ಎಂದೆ.

ದೊರೆಸ್ವಾಮಿಯವರು ಕೆಮ್ಮಿದರು. ಸುಬ್ಬಮ್ಮನವರು ಕುರ್ಚಿಯಲ್ಲಿ ಕುಳಿತರು. ಆ ಹಜಾರದ ಕುರ್ಚಿಯಲ್ಲಿ ನಮ್ಮ ತರಗತಿಯವರು ಯಾರೂ ಅದುವರೆಗೆ ಕುಳಿತಿರಲಿಲ್ಲ.

ಯಾಕೆ ಈ ಕೆಲಸ, ಮನೆಯಲ್ಲಿ ಯಾರಿದ್ದಾರೆ, ಸಮುದ್ರವೆಂದರೆ ಹೆದರಿಕೆಯಿಲ್ಲವೆ ಎಂದೆಲ್ಲ ಕೇಳಿದರು. “ಕೆರೆ ಮಾತ್ರ ನೋಡಿದೀನಿ. ಸಮುದ್ರ ಅದರ ಅಣ್ಣ ಅಂತೆ, ನೋಡೋಣ” ಎಂದರು ಸುಬ್ಬಮ್ಮನವರು. ಮಿಸ್ ಪೆಂಬರ್ಟನ್ ನಕ್ಕರು.

ಆಗ ಶಂಭುಲಿಂಗಪ್ಪನವರು ಮುಂದಕ್ಕೆ ಬಾಗಿದರು. “ಹುಡುಗಿ ಚುರುಕು, ನಾನು ಇಲ್ಲ ಅನ್ನಲ್ಲ. ಆದ್ರೆ ನನ್ನ ಗುಮಾಸ್ತರಿಗೆ ಮಂಡಿ ನಡುವೆ ಅವಮಾನ ಮಾಡಿದಾಳೆ. ಎಲ್ಲರ ಮುಂದೆ ಅವರ ಕ್ಷಮೆ ಕೇಳ್ಲಿ. ಕೇಳಿದ್ರೆ ನಾನೇ ನಿಂತು ಹಡಗು ಹತ್ತಿಸ್ತೀನಿ. ಇದು ವ್ಯಾಪಾರಸ್ಥನ ಮಾತು.”

ಗುಮಾಸ್ತರು ಕುಳಿತಲ್ಲಿಂದಲೇ, “ಕೇಳೇ, ಮತ್ತೇನು ನೋಡ್ತೀಯ?” ಎಂದರು.

ಸುಬ್ಬಮ್ಮನವರು ಶಂಭುಲಿಂಗಪ್ಪನವರ ಕಡೆಗೇ ನೋಡಿ ಹೇಳಿದರು: “ಕೇಳ್ತೀನಿ ಸಾಹುಕಾರ್ರೇ. ಅವರು ‘ಕೇಳಿ’ ಅನ್ಲಿ, ಈಗ್ಲೇ ಕೇಳ್ತೀನಿ. ‘ಕೇಳೇ’ ಅಂದ್ರೆ ಕೇಳಲ್ಲ.”

ಏನು ನಡೆಯುತ್ತಿದೆ ಎಂದು ಮಿಸ್ ಪೆಂಬರ್ಟನ್ ನನ್ನ ಕಡೆ ತಿರುಗಿದರು. ವಿವರಿಸಿದೆ. ಬಹಳ ಹೊತ್ತು ಹಿಡಿಯಿತು. ಸುಬ್ಬಮ್ಮನವರು ತಮ್ಮನ್ನು ‘ಯು’ ಎಂದು ಕರೆಯಬೇಕೆಂದು ಕೇಳುತ್ತಿದ್ದಾರೆ, ಗುಮಾಸ್ತರು ‘ಯು’ ಎಂದೇ ಕರೆಯುತ್ತಿದ್ದಾರೆ, ಆದರೆ ಅದು ಬೇರೆ ‘ಯು’ ಎಂದೆ. ಅವರ ಮುಖದಲ್ಲಿ ಗೊಂದಲ. ಎರಡರಲ್ಲಿ ಯಾವುದು ಸರಿಯಾದದ್ದು ಎಂದು ಕೇಳಿದರು.

ನಾನು ಬಾಯಿ ತೆರೆದೆ.

“ಬದರಿ,” ದೊರೆಸ್ವಾಮಿಯವರು ತಡೆದರು. “ಅದನ್ನೆಲ್ಲ ಹೇಳೋಕೆ ನೀನು ಯಾರು? ನೀನು ಬರೀ ತರ್ಜುಮೆ ಮಾಡು.”

“ನೀವು ಅನ್ನಿ ಸಾರ್,” ಎಂದೆ. “ನಾನಿಲ್ಲಿ ಮೇಷ್ಟ್ರು.”

ತರ್ಜುಮೆ ಮಾಡು ಎಂದಿದ್ದರಲ್ಲ, ಇದನ್ನೂ ಮಿಸ್ ಪೆಂಬರ್ಟನ್‌ರಿಗೆ ತರ್ಜುಮೆ ಮಾಡಿ ಹೇಳಿದೆ.

ಇದೆಲ್ಲ ಶಾಖೆಯವರೇ ತೀರ್ಮಾನಿಸಬೇಕಾದ ವಿಷಯ ಎಂದು ಆಕೆ ಛತ್ರಿ ಎತ್ತಿಕೊಂಡರು. ಸಮಿತಿ ಅಲ್ಲೇ ನಿರ್ಣಯ ಮಾಡಿತು: ಸೀಟು ಸುಬ್ಬಮ್ಮನದೇ, ಆದರೆ ವರ್ಷ ಮುಗಿಯುವುದರೊಳಗೆ ಸಾರ್ವಜನಿಕವಾಗಿ ಗುಮಾಸ್ತರ ಕ್ಷಮೆ ಕೇಳಬೇಕು. ಇಲ್ಲದಿದ್ದರೆ ಸೀಟು ರದ್ದು. ನಿರ್ಣಯದಲ್ಲಿ ಸಮಿತಿಯ ಮಾತೇ ಇರಲೆಂದು ಇಲ್ಲೂ ‘ಸುಬ್ಬಮ್ಮನದೇ’ ಎಂದು ಬರೆದೆ.

ಬಾಗಿಲಲ್ಲಿ ಸುಬ್ಬಮ್ಮನವರು ಕೇಳಿದರು: “ಮೇಷ್ಟ್ರೇ, ನಿಮ್ಮ ಕಾಲೇಜಿನ ಕೆಲಸ?”

“ಹೋಯ್ತು ಅನ್ಸತ್ತೆ.”

“ನಂದೂ ಹೋಗತ್ತೆ ಅನ್ಸತ್ತೆ,” ಎಂದರು. ಇಬ್ಬರಿಗೂ ನಗು ಬಂತು. ಯಾಕೆ ಬಂತೋ ತಿಳಿಯದು.

೧೯ ನವೆಂಬರ್

ಹಜಾರಕ್ಕೆ ಬೀಗ. ತರಗತಿ ನಿಲ್ಲಿಸಲಾಗಿದೆ ಎಂದು ಆಳಿನ ಕೈಲಿ ಹೇಳಿಕಳಿಸಿದ್ದಾರೆ.

ಊಟಕ್ಕೆ ಕುಳಿತಾಗ ಅಣ್ಣ ತಟ್ಟೆಯಿಂದ ತಲೆ ಎತ್ತಲಿಲ್ಲ. ಅತ್ತಿಗೆ ಮಾತ್ರ ಬಡಿಸುತ್ತ ಕೇಳಿದರು: “ದೊರೆಸ್ವಾಮಿಗಳಿಗೆ ‘ನೀವು ಅನ್ನಿ’ ಅಂದೆಯಂತೆ?”

“ಅವರೇನು ನನ್ನ ಮೂಗು ಒರೆಸಿದಾರಾ?”

ಅಣ್ಣನಿಗೆ ನೆತ್ತಿಗೆ ಹತ್ತಿತು. ಅತ್ತಿಗೆ ನನಗೆ ಇನ್ನೊಂದು ಸೌಟು ಹುಳಿ ಹಾಕಿದರು.

೨೬ ನವೆಂಬರ್

ತರಗತಿ ಮತ್ತೆ ಶುರುವಾಯಿತು. ಉಪ್ಪಾರಪೇಟೆಯ ಹಿಂದೆ ಜಟಕಾ ನಿಲ್ಲಿಸುವ ಶೆಡ್ಡು. ಮುನಿಸ್ವಾಮಿಯವರು ತಮ್ಮವರನ್ನೆಲ್ಲ ಒಪ್ಪಿಸಿ ಸಂಜೆ ಜಾಗ ಬಿಡಿಸಿಕೊಟ್ಟಿದ್ದಾರೆ. ಹಲಗೆಯಿಲ್ಲ, ಬಾಗಿಲಿನ ಮೇಲೆ ಸುಣ್ಣದ ಕಡ್ಡಿಯಿಂದ ಬರೆಯುತ್ತೇನೆ. ಲದ್ದಿಯ ವಾಸನೆ, ನೊಣ, ನಡುನಡುವೆ ಕುದುರೆಯ ಕೆನೆತ. ಹಳಬರೆಲ್ಲ ಬಂದಿದ್ದರು. ಜೊತೆಗೆ ಜಟಕಾದವರು ಕೆಲವರು, ಮಂಡಿಯ ಹೆಂಗಸರು ಕೆಲವರು, ಸುಬ್ಬಮ್ಮನವರ ತಾಯಿ ಸಹ.

“ನಾನೇನು ಓದೋಕೆ ಬಂದಿಲ್ಲ ಸಾಮಿ,” ಎಂದರು ಆ ತಾಯಿ. “ಹಾಜರಿ ಕೂಗೋದು ಕೇಳೋಕೆ ಬಂದೆ.”

ಅವರ ಹೆಸರನ್ನೂ ಬರೆದುಕೊಂಡೆ. ಕೂಗಿದೆ. ಅವರು ಸೆರಗು ಸರಿಮಾಡಿಕೊಂಡು ಎದ್ದು ನಿಂತು, “ಇದೀನಪ್ಪಾ” ಎಂದರು.

೮ ಡಿಸೆಂಬರ್

ಹೋಟೆಲಿನಲ್ಲಿ ಕಾಫಿ ಆರಿತ್ತು. ಮಾಣಿಯನ್ನು ಕರೆದು ಬಿಸಿ ಮಾಡಿ ತನ್ನಿ ಎಂದೆ, ತಂದುಕೊಟ್ಟರು. ಆಮೇಲೆ ಶೆಡ್ಡಿಗೆ ಸುಣ್ಣದ ಕಡ್ಡಿ ಕೊಳ್ಳಲು ಚಿಕ್ಕಪೇಟೆಗೆ ಹೋದೆ. ಬೀದಿಯ ಗೋಡೆಗಳ ತುಂಬ ಚುನಾವಣೆಯ ಬರಹ. ಇಪ್ಪತ್ತೊಂದು ತುಂಬಿದ ಎಲ್ಲರಿಗೂ ಒಂದೊಂದು ಓಟು, ಸಾಹುಕಾರರಿಗೂ ಒಂದೇ.

ವರ್ಷ ಮುಗಿಯುತ್ತ ಬಂತು. ಸೀಟಿನ ಮಾತು ನಾನೂ ಎತ್ತುವುದಿಲ್ಲ, ಅವರೂ ಎತ್ತುವುದಿಲ್ಲ. ಔಷಧಗಳ ಇಂಗ್ಲಿಷ್ ಹೆಸರುಗಳನ್ನು ಮಾತ್ರ ದಿನವೂ ಬಾಯಿಪಾಠ ಮಾಡುತ್ತಿದ್ದಾರೆ.

೧೬ ಡಿಸೆಂಬರ್, ಭಾನುವಾರ

ಶೆಡ್ಡಿನಲ್ಲಿ ಹಾಜರಿ ಕೂಗುತ್ತಿದ್ದೆ. ಹೊರಗೆ ತಮಟೆ, ಜಯಕಾರ. ಕೊರಳ ತುಂಬ ಹಾರ ಹಾಕಿಕೊಂಡ ಅಭ್ಯರ್ಥಿಯೊಬ್ಬರು ಒಳಗೆ ಬಂದರು. ಅವರನ್ನು ಕರೆತಂದವರು ಶಂಭುಲಿಂಗಪ್ಪನವರು. ಹಿಂದೆ ಕರಪತ್ರದ ಕಟ್ಟು ಹಿಡಿದ ಗುಮಾಸ್ತ ರೇವಣಸಿದ್ದಯ್ಯನವರು.

ಜಟಕಾದವರು, ಮಂಡಿಯ ಹೆಂಗಸರು, ಶೆಡ್ಡು ತುಂಬ ಓಟಿರುವವರು. ಶಂಭುಲಿಂಗಪ್ಪನವರು ಕತ್ತಲಿಗೆ ಕಣ್ಣು ಹೊಂದುವ ಮೊದಲೇ ಕೈ ಮುಗಿದು ಶುರುಮಾಡಿದರು: “ನಮಸ್ಕಾರ! ತಾಯಂದಿರೇ, ಅಣ್ಣಂದಿರೇ, ನೀವೆಲ್ಲ ದಯವಿಟ್ಟು…” ಆಗ ಅವರ ಕಣ್ಣಿಗೆ ನಾನು ಬಿದ್ದೆ. ಅವರ ಕೈ ಮುಗಿದಂತೆಯೇ ನಿಂತಿತು.

“ಬನ್ನಿ ಸಾಹುಕಾರ್ರೇ,” ಎಂದರು ಸುಬ್ಬಮ್ಮನವರು, ಚಾಪೆಯ ತುದಿ ಬಿಟ್ಟುಕೊಟ್ಟು. “ಕೂತ್ಕೊಳ್ಳಿ. ಹಾಜರಿ ಮುಗೀಲಿ.”

ನಾನು ನಿಲ್ಲಿಸಲಿಲ್ಲ. ಕೊನೆಯ ಹೆಸರಿನವರೆಗೂ ಕೂಗಿದೆ. ಅಭ್ಯರ್ಥಿಯವರು ಹಾರದೊಳಗಿಂದ ಬೆವರು ಒರೆಸಿಕೊಳ್ಳುತ್ತ ನಿಂತೇ ಇದ್ದರು. ಒಂದು ಕುದುರೆ ಅವರ ಹಾರದ ಕಡೆಗೆ ಕತ್ತು ಚಾಚಿತು.

“ಸಾಹುಕಾರ್ರೇ,” ಮುನಿಸ್ವಾಮಿಯವರು ಕೇಳಿದರು, “ಈ ‘ನೀವು’ ಓಟಿನ ದಿನದವರೆಗಾ, ಆಮೇಲೂ ಇರತ್ತಾ?”

ನಗು ಎದ್ದಿತು. ಅಭ್ಯರ್ಥಿಗೆ ಅರ್ಥವಾಗದೆ ಅವರೂ ನಕ್ಕರು. ಬೇಗ ಬೇಗ ಕರಪತ್ರ ಹಂಚಿ ಎಂದು ಗುಮಾಸ್ತರಿಗೆ ಸನ್ನೆ ಮಾಡಿದರು.

ಗುಮಾಸ್ತರು ಹಂಚುತ್ತ ಬಂದು ಸುಬ್ಬಮ್ಮನವರ ಮುಂದೆ ನಿಂತರು. ಇವರು ಕೈ ಚಾಚಲಿಲ್ಲ. ಪಕ್ಕದಲ್ಲೇ ತಾಯಿ, ಆಚೆಗೆ ಮಂಡಿಯ ಹೆಂಗಸರು, ಎಲ್ಲರೂ ಗುಮಾಸ್ತರ ಬಾಯನ್ನೇ ನೋಡುತ್ತಿದ್ದಾರೆ.

“ತಗೋ…” ಎಂದರು ಗುಮಾಸ್ತರು. ಅಭ್ಯರ್ಥಿ ಕೆಮ್ಮಿದರು. “ತಗೊಳ್ಳಿ.”

“ಯಾರಿಗೆ ಹೇಳಿದ್ದು?”

“ನಿಮಗೇ.”

“ನಿಮಗೆ ಅಂದ್ರೆ ಯಾರಿಗೆ? ಇಲ್ಲಿ ತುಂಬ ಜನ ಇದೀವಿ.”

ಗುಮಾಸ್ತರ ಹಣೆಯ ವಿಭೂತಿ ಬೆವರಿಗೆ ಕರಗುತ್ತಿತ್ತು. “ಸುಬ್ಬಮ್ಮ… ನವರಿಗೆ.”

ಸುಬ್ಬಮ್ಮನವರು ಎದ್ದು ನಿಂತರು. ಕರಪತ್ರವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಶೆಡ್ಡಿನ ಹೊರಗಿನ ತಮಟೆಯವರಿಗೂ ಕೇಳುವ ಹಾಗೆ ಹೇಳಿದರು: “ರೇವಣಸಿದ್ದಯ್ಯನವರೇ, ಅವತ್ತು ಮಂಡೀಲಿ ನಿಮ್ಮ ಮೀಸೆ ಮಾತು ಎತ್ತಿದ್ದು ನನ್ನ ತಪ್ಪು. ಎಲ್ಲರ ಮುಂದೆ ಕೇಳ್ತಿದೀನಿ, ಕ್ಷಮಿಸಿ.”

ಆಮೇಲೆ ಶಂಭುಲಿಂಗಪ್ಪನವರ ಕಡೆ ತಿರುಗಿದರು. “ಕೇಳಿಸ್ತಾ ಸಾಹುಕಾರ್ರೇ? ವರ್ಷ ಇನ್ನೂ ಮುಗಿದಿಲ್ಲ.”

ಅಭ್ಯರ್ಥಿ ಏನೋ ಒಳ್ಳೆಯದಾಯಿತೆಂದು ಚಪ್ಪಾಳೆ ತಟ್ಟಿದರು. ತಮಟೆಯವರು ಒಂದು ಸುತ್ತು ಬಾರಿಸಿದರು. ಶಂಭುಲಿಂಗಪ್ಪನವರು ಸುಬ್ಬಮ್ಮನವರನ್ನು ನೋಡಿದರು, ಗುಮಾಸ್ತರನ್ನು ನೋಡಿದರು, ನನ್ನನ್ನು ನೋಡಿದರು. ನಷ್ಟದ ಸರಕಿಗೆ ಬೆಲೆ ಕಟ್ಟುವಂಥ ನೋಟ.

“ಹಡಗು ಹತ್ತಿಸ್ತೀನಿ ಅಂದಿದ್ದೆ,” ಎಂದರು ಕೊನೆಗೆ. “ನನ್ನ ತಂದೆ ಕಾಲದಿಂದ ಆ ಮಂಡೀಲಿ ಆಡಿದ ಮಾತು ವಾಪಸ್ ತಗೊಂಡಿಲ್ಲ. ಹೋಗು… ಹೋಗಿ.” ಆ ‘ಹೋಗಿ’ ಅವರ ಗಂಟಲಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಂಡು ಹೊರಗೆ ಬಂತು.

ಅವರು ಹೋದ ಮೇಲೆ ಲೆಕ್ಕದ ಪಾಠ ಮಾಡಬೇಕಾಗಿತ್ತು. ಯಾರೂ ಕಲಿಯಲಿಲ್ಲ. ಹಾರದಿಂದ ಕಿತ್ತ ಚೆಂಡುಹೂವನ್ನು ಕುದುರೆ ಅಗಿಯುತ್ತಿತ್ತು.

೧೦ ಫೆಬ್ರವರಿ ೧೯೫೨

ಮದರಾಸಿನ ರೈಲಿಗೆ ಸುಬ್ಬಮ್ಮನವರನ್ನು ಹತ್ತಿಸಿ ಬಂದೆವು. ಟಿಕೆಟ್ಟು ಸಂಘದ್ದು. ಟ್ರಂಕು ಶಂಭುಲಿಂಗಪ್ಪನವರು ಕಳಿಸಿದ್ದು, ತಾವು ಬರಲಿಲ್ಲ. ಡಬ್ಬಿಯ ಬಾಗಿಲಿಗೆ ಅಡ್ಡ ನಿಂತಿದ್ದ ಸೂಟಿನವರೊಬ್ಬರನ್ನು ಸರಿಯಲು ಹೇಳಿ ಟ್ರಂಕು ಒಳಗಿಟ್ಟೆ.

ತಾಯಿ “ಹುಷಾರಾಗಿ ಹೋಗ್ಬಾರೇ” ಎಂದು ಅತ್ತರು. ಮುನಿಸ್ವಾಮಿಯವರು “ಹೋಗ್ಬಾ, ಸಮುದ್ರಕ್ಕೆ ನನ್ನ ನಮಸ್ಕಾರ ಹೇಳು” ಎಂದರು. ಸುಬ್ಬಮ್ಮನವರು ಕಿಟಕಿಯಿಂದ ನನ್ನ ಕಡೆ ನೋಡಿದರು.

“ನೀವೂ ಒಂದ್ಸಲ ‘ಹೋಗ್ಬಾ’ ಅನ್ನಿ ಮೇಷ್ಟ್ರೇ. ಮನೆಯೋರ ಥರ.”

“ಅನ್ನಲ್ಲ.”

“ಯಾಕೆ?”

“ನಾನು ನಿಮ್ಮ ಮೂಗು ಒರೆಸಿಲ್ಲ.”

ಅವರು ನಕ್ಕ ನಗುವಿಗೆ ಪಕ್ಕದ ಡಬ್ಬಿಯವರು ಇಣುಕಿ ನೋಡಿದರು. ರೈಲು ಕದಲಿತು. “ಹೋಗಿ ಬನ್ನಿ, ಸುಬ್ಬಮ್ಮನವರೇ” ಎಂದು ಕೂಗಿದೆ. ಪ್ಲಾಟ್‌ಫಾರಂ ತುಂಬ ಜನ ತಿರುಗಿ ನೋಡಿದರು, ಯಾರೋ ದೊಡ್ಡವರು ಹೊರಟಿದ್ದಾರೆಂದು.

ವಾಪಸು ಬರುವಾಗ ಜಟಕಾದಲ್ಲಿ ತಾಯಿ ಕಣ್ಣೊರೆಸಿಕೊಂಡು ಮಂಡಿಯ ಸುದ್ದಿ ಹೇಳಿದರು. ಓಟು ಮುಗಿಯಿತಲ್ಲ, ಗುಮಾಸ್ತರು ಮತ್ತೆ ಮೊದಲಿನ ಹಾಗೆ ‘ಏ, ಬಾರೇ’ ಎಂದು ಕೂಗಲು ಶುರುಮಾಡಿದ್ದಾರಂತೆ.

“ಮತ್ತೆ ನೀವೆಲ್ಲ ಏನ್ಮಾಡ್ತೀರಿ?” ಎಂದು ಕೇಳಿದೆ.

“ಏನೂ ಮಾಡಲ್ಲಪ್ಪಾ,” ಎಂದರು. “ಅಕ್ಕಿ ಕೇರ್ತಾ ಇರ್ತೀವಿ. ಯಾರೂ ತಿರುಗಲ್ಲ.”